ಎರಡು ದೋಣಿಗಳ ಪಯಣಿಗ

ಎರಡು ದೋಣಿಗಳ ಮೇಲೆ ಕಾಲಿಟ್ಟವನಿಗೆ ದಡ ಸಿಕ್ಕದೆಂಬುದು ಹಿರಿಯರ ಎಚ್ಚರಿಕೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆರ್ಥರ್ ಟೇಟಮ್ ಅವರಿಗೂ ಮಗನ ವಿಷಯದಲ್ಲಿ ಇದೇ ಅಳುಕಿತ್ತು. ಮಗ ಎಡ್ವರ್ಡ್ ಕಲಿತದ್ದು ಜೀವರಸಾಯನಶಾಸ್ತ್ರ. ಸೇರಿದ್ದು ತಳಿವಿಜ್ಞಾನಿಯೊಬ್ಬರ ಪ್ರಯೋಗಶಾಲೆ. ಅವನು ಅತ್ತ ಅಪ್ಪಟ ರಸಾಯನಜ್ಞನೂ ಆಗದೆ, ಇತ್ತ ತಳಿವಿಜ್ಞಾನಿಯೂ ಆಗದೆ ಉಳಿದಾನೆಂಬ ಚಿಂತೆಯನ್ನು ತಂದೆ ಆ ವಿಜ್ಞಾನಿಯೊಡನೆಯೇ ತೋಡಿಕೊಂಡರು.

ಎಡ್ವರ್ಡ್ ಟೇಟಮ್ ಹುಟ್ಟಿದ್ದು 1909ರಲ್ಲಿ. 1934ರಲ್ಲಿ ಡಾಕ್ಟರೇಟ್ ಪಡೆದು, ಬಳಿಕ ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಕೋಗಲ್ ಎಂಬ ರಸಾಯನಜ್ಞರ ಬಳಿ ಕೆಲಸ ಕಲಿತರು. ಮೊಟ್ಟೆಯ ಹಳದಿಯಿಂದ ಬಯೋಟಿನ್ ಎಂಬ ಜೀವಸತ್ವವನ್ನು 1936ರಲ್ಲಿ ಬೇರ್ಪಡಿಸಿದ ಪ್ರಯೋಗಶಾಲೆ ಅದು. 1937ರಲ್ಲಿ ಟೇಟಮ್ ಸ್ಟ್ಯಾನ್‌ಫರ್ಡಿಗೆ ಬಂದು ಜಾರ್ಜ್ ಬೀಡಲ್ ಅವರ ಜೊತೆಗೂಡಿದರು. ಬೀಡಲ್ ನೆಬ್ರಾಸ್ಕಾದ ರೈತನ ಮಗ. ತಂದೆತಾಯಿಗಳ ಗುಣ ಮಕ್ಕಳಿಗೆ ಇಳಿಯುವುದು ವಂಶವಾಹಿಗಳಿಂದ ಎಂಬುದು ಆ ವೇಳೆಗೆ ಸಿದ್ಧವಾಗಿತ್ತು. ಆದರೆ ವಂಶವಾಹಿ ಮಾಡುವ ಕೆಲಸವಾದರೂ ಏನು? ಉತ್ತರಕ್ಕಾಗಿ ಇಬ್ಬರೂ ಹಣ್ಣುನೊಣದ ಕಣ್ಣಿನ ಬಣ್ಣವನ್ನು ಹಿಡಿದು ಹೊರಟರು. ಬಣ್ಣಕ್ಕೆ ಮೂಲವಾದ ಒಂದು ವಸ್ತುವಿಗಾಗಿ ಟೇಟಮ್ ವರ್ಷಗಳ ಕಾಲ ತಡಕಾಡಿದರು. 1940ರಲ್ಲಿ ಜರ್ಮನಿಯ ಬೂಟೆನಾಂಟ್ ಅವರ ತಂಡ ಅದನ್ನು ಮೊದಲು ಗುರುತಿಸಿಬಿಟ್ಟಿತು. ಪಟ್ಟ ಪಾಡಿನ ಫಲ ಪರರ ಪಾಲಾಯಿತು.

ಟೇಟಮ್ ಒಮ್ಮೆ ತರಗತಿಯಲ್ಲಿ ಜೀವಿಗಳ ರಸಾಯನವನ್ನು ಕುರಿತು ಪಾಠ ಹೇಳುತ್ತಿರುವಾಗ ಬೀಡಲ್ ಕೇಳುತ್ತ ಕುಳಿತಿದ್ದರು. ಆಗ ಅವರಿಗೆ ಹೊಳೆಯಿತು: ತಾವು ಪ್ರಶ್ನೆಯನ್ನು ತಿರುವುಮುರುವಾಗಿ ಕೇಳುತ್ತಿದ್ದೇವೆ! ಗೊತ್ತಿರುವ ವಂಶವಾಹಿಯ ಹಿಂದಿನ ಗೊತ್ತಿಲ್ಲದ ರಸಾಯನವನ್ನು ಹುಡುಕುವುದೇಕೆ? ಗೊತ್ತಿರುವ ರಸಾಯನವನ್ನು ಹಿಡಿದು, ಅದನ್ನು ಆಳುವ ವಂಶವಾಹಿಯನ್ನು ಹುಡುಕಬಾರದೇಕೆ?

ಇದಕ್ಕೆ ಅವರು ಆರಿಸಿಕೊಂಡದ್ದು ನ್ಯೂರೋಸ್ಪೋರ ಎಂಬ ಕಿತ್ತಳೆ ಬಣ್ಣದ ಬೂಷ್ಟನ್ನು. 1840ರ ದಶಕದಲ್ಲಿ ಫ್ರಾನ್ಸಿನ ಬ್ರೆಡ್ಡು ತಯಾರಕರನ್ನು ಕಾಡಿದ ಬೂಷ್ಟು ಇದೇ. ನಮ್ಮ ದಕ್ಷಿಣದ ಕಬ್ಬಿನ ಗದ್ದೆಗೆ ಬೆಂಕಿಯಿಟ್ಟ ಮೇಲೆ ಸುಟ್ಟ ಕೂಳೆಗಳ ಮೇಲೆ ಇದರ ದಾಯಾದಿ ಜಾತಿಯೊಂದು ಬೆಳೆಯುತ್ತದೆ. ಇದರಲ್ಲಿ ಪ್ರತಿ ವಂಶವಾಹಿಗೂ ಒಂದೇ ಪ್ರತಿ. ಕೆಟ್ಟರೆ ಮರೆಮಾಚಲು ಜೋಡಿಯಿಲ್ಲ. ನ್ಯೂಯಾರ್ಕಿನ ಸಸ್ಯೋದ್ಯಾನದ ಡಾಡ್ಜ್ ಎಂಬ ವಿದ್ವಾಂಸರು ತಳಿವಿಜ್ಞಾನಕ್ಕೆ ಇದು ತಕ್ಕ ಜೀವಿಯೆಂದು ಮೊದಲಿನಿಂದಲೂ ಹೇಳುತ್ತ ಬಂದಿದ್ದರು.

ಉಟ್ರೆಕ್ಟಿನ ಕಲಿಕೆ ಇಲ್ಲಿ ಕೈಹಿಡಿಯಿತು. ಸಕ್ಕರೆ, ಕೆಲವು ಲವಣ, ಜೊತೆಗೆ ಬಯೋಟಿನ್: ಇಷ್ಟೇ ಸಾಕು, ಉಳಿದುದನ್ನೆಲ್ಲ ಈ ಬೂಷ್ಟು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಕ್ಷಕಿರಣ ಹಾಯಿಸಿ, ಬಂದ ಬೀಜಕಗಳನ್ನು ಒಂದೊಂದಾಗಿ ಸಮೃದ್ಧ ಆಹಾರದಲ್ಲಿ ಬೆಳೆಸಿದರು. ಬಳಿಕ ಬರಿಯ ಗಂಜಿಗೆ ಇಳಿಸಿದರು. ಮೃಷ್ಟಾನ್ನದಲ್ಲಿ ಬದುಕಿ ಗಂಜಿಯಲ್ಲಿ ಸೊರಗಿದ ಬೂಷ್ಟಿಗೆ ಏನೋ ಒಂದನ್ನು ಮಾಡಿಕೊಳ್ಳುವ ಶಕ್ತಿ ಹೋಗಿದೆಯೆಂದೇ ಅರ್ಥ. 299ನೆಯ ತಳಿ ಸೊರಗಿತು. ಜೀವಸತ್ವ ಬಿ-6 ಕೊಟ್ಟೊಡನೆ ಚಿಗುರಿತು. ಆರೋಗ್ಯವಂತ ತಳಿಯೊಡನೆ ಕೂಡಿಸಿದಾಗ ಈ ಕೊರತೆ ಒಂದೇ ವಂಶವಾಹಿಯ ದೋಷದಂತೆ ಸಂತತಿಯಲ್ಲಿ ಸರಿಪಾಲಾಗಿ ಹಂಚಿಹೋಯಿತು. ಸುಮಾರು 2000 ತಳಿಗಳಲ್ಲಿ ಇಂಥವು ಮೂರು ದೊರೆತವು. 1941ರ ನವೆಂಬರಿನಲ್ಲಿ ಪ್ರಬಂಧ ಪ್ರಕಟವಾಯಿತು. ಒಂದೊಂದು ವಂಶವಾಹಿ ಒಂದೊಂದು ಕಿಣ್ವದ ಹೊಣೆ ಹೊತ್ತಿದೆ ಎಂಬ ತತ್ತ್ವ ಈ ಕೆಲಸದಿಂದ ಮೂಡಿತು. ಮುಂದೆ ಆ ಸೂತ್ರವನ್ನು ತಿದ್ದಬೇಕಾಯಿತು. ಮಾರ್ಗ ಮಾತ್ರ ಉಳಿದುಕೊಂಡಿತು.

ಆದರೂ ತಂದೆಯ ಅಳುಕು ಸುಳ್ಳಾಗಲಿಲ್ಲ. ಜೀವಶಾಸ್ತ್ರ ವಿಭಾಗದಲ್ಲಿ ರಸಾಯನಜ್ಞನಿಗೇನು ಕೆಲಸ ಎಂಬ ಶಂಕೆ ಸ್ಟ್ಯಾನ್‌ಫರ್ಡಿನಲ್ಲಿ ತಲೆಹಾಕಿತು. 1945ರಲ್ಲಿ ಟೇಟಮ್ ಯೇಲ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಅಲ್ಲಿ ಜೋಶುವಾ ಲೆಡರ್‌ಬರ್ಗ್ ಎಂಬ ತರುಣ, ಟೇಟಮ್ ಸಿದ್ಧಪಡಿಸಿದ್ದ ಬ್ಯಾಕ್ಟೀರಿಯ ತಳಿಗಳನ್ನೇ ಬಳಸಿ, ಬ್ಯಾಕ್ಟೀರಿಯಗಳಲ್ಲಿಯೂ ವಂಶವಾಹಿಗಳ ಕೂಡಾಟ ನಡೆಯುತ್ತದೆಂದು 1946ರಲ್ಲಿ ತೋರಿಸಿದ. 1958ರಲ್ಲಿ ಬೀಡಲ್, ಟೇಟಮ್, ಲೆಡರ್‌ಬರ್ಗ್ ಮೂವರಿಗೂ ನೊಬೆಲ್ ಬಂದಿತು. ಟೇಟಮ್ 1975ರಲ್ಲಿ ತೀರಿಕೊಂಡರು.

ನಾನು ಕನ್ನಡ ಪಾಠ ಹೇಳಿ ಬಾಳಿದವನು. ಶಾಸನಗಳನ್ನು ಓದುವುದರ ಜೊತೆಗೆ ಅವನ್ನು ಕೊರೆದ ಕಲ್ಲಿನ ಜಾತಿಯನ್ನೂ ಅಭ್ಯಾಸ ಮಾಡುವೆನೆಂದ ವಿದ್ಯಾರ್ಥಿಯೊಬ್ಬನಿಗೆ, "ಮೊದಲು ಒಂದು ದೋಣಿ ಹಿಡಿಯಪ್ಪ" ಎಂದು ಬುದ್ಧಿ ಹೇಳಿದ್ದೆ. ಅವನು ಒಂದನ್ನೇ ಹಿಡಿದ; ಕಲ್ಲಿನ ಮಾತನ್ನು ಮತ್ತೆ ಎತ್ತಲಿಲ್ಲ. ಟೇಟಮ್ ಅವರ ಕಥೆಯನ್ನು ಆಗಲೇ ಓದಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.