ದವಡೆಯ ಸಿಸ್ಟ್‌ಗಳಿಂದ ಹುಟ್ಟುವ ಕ್ಯಾನ್ಸರ್

ದವಡೆ ಮೂಳೆಯಲ್ಲಿ ಹಲ್ಲಿಗೆ ಸಂಬಂಧಿಸಿ ಬೆಳೆಯುವ ದ್ರವ ತುಂಬಿದ ಚೀಲಗಳ, ಅಂದರೆ ಒಡೊಂಟೊಜೆನಿಕ್ ಸಿಸ್ಟ್‌ಗಳ, ಒಳಪದರದಿಂದ ಹುಟ್ಟುವ ಅಪರೂಪದ ಕ್ಯಾನ್ಸರ್. ಇದರಲ್ಲಿ ಬಹುಪಾಲು ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಅಂದರೆ ಚಪ್ಪಟೆ ಕೋಶಗಳ ಕ್ಯಾನ್ಸರ್. ಮೂಳೆಯೊಳಗೇ ಹುಟ್ಟುವ ಇಂಥ ಕ್ಯಾನ್ಸರನ್ನು 1913ರಲ್ಲಿ ಲೂಸ್ ಎಂಬವರು ವರ್ಣಿಸಿದರು. ಭಾರತದಲ್ಲಿ ಸಾಮಾನ್ಯವಾದ ಬಾಯಿ ಕ್ಯಾನ್ಸರ್ ತಂಬಾಕು, ಅಡಿಕೆ ಜಗಿಯುವ ಚಟದಿಂದ ಲೋಳೆಪೊರೆಯಲ್ಲಿ ಹುಣ್ಣಾಗಿ ಕಾಣಿಸಿಕೊಂಡರೆ, ಇದರಲ್ಲಿ ಆರಂಭದಲ್ಲಿ ಬಾಯೊಳಗೆ ಹುಣ್ಣೇ ಇರುವುದಿಲ್ಲ.

ಮೂಲ: ಹಲ್ಲನ್ನು ರೂಪಿಸಿದ ಎಪಿತೀಲಿಯಂನ (ಹೊದಿಕೆ ಅಂಗಾಂಶದ) ತುಣುಕುಗಳು ದವಡೆಯಲ್ಲಿ ಉಳಿದಿರುತ್ತವೆ. ಹುಳುಕು ಹಲ್ಲಿನ ಬೇರಿನ ತುದಿಗೆ ಸೋಂಕು ತಗಲಿ ಅವು ಕೆರಳಿದರೆ ರ‍್ಯಾಡಿಕ್ಯುಲರ್ ಸಿಸ್ಟ್ ಆಗುತ್ತದೆ; ಹಲ್ಲು ಕಿತ್ತ ಮೇಲೂ ಅದು ಉಳಿದುಕೊಂಡರೆ ರೆಸಿಡ್ಯುಯಲ್ ಸಿಸ್ಟ್. ಮೂಳೆಯಲ್ಲೇ ಹುದುಗಿದ ಹಲ್ಲಿನ, ಹೆಚ್ಚಾಗಿ ಬುದ್ಧಿಹಲ್ಲಿನ, ತಲೆಯ ಸುತ್ತ ಬೆಳೆಯುವುದು ಡೆಂಟಿಜೆರಸ್ ಸಿಸ್ಟ್. ಕ್ಯಾನ್ಸರ್ ಹೆಚ್ಚಾಗಿ ಕಂಡಿರುವುದು ಮೊದಲ ಎರಡರಲ್ಲಿ. ನಂತರದ ಸ್ಥಾನ ಡೆಂಟಿಜೆರಸ್ ಸಿಸ್ಟ್ ಮತ್ತು ಕೆರಟೊಸಿಸ್ಟ್ ಎಂಬ ಇನ್ನೊಂದು ಬಗೆಯ ಸಿಸ್ಟ್‌ಗಳದು. ದೀರ್ಘಕಾಲದ ಉರಿಯೂತ ಇದಕ್ಕೆ ಕಾರಣವಿರಬಹುದೆಂದು ಊಹಿಸಲಾಗಿದೆ.

ಲಕ್ಷಣಗಳು: ಮಧ್ಯವಯಸ್ಸು ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ, ಹೆಚ್ಚು. ಮೇಲ್ದವಡೆಗಿಂತ ಕೆಳದವಡೆಯ ಹಿಂಭಾಗದಲ್ಲೇ ಜಾಸ್ತಿ. ಊತ ಮತ್ತು ನೋವು ಮುಖ್ಯ ಲಕ್ಷಣಗಳು. ಅಲುಗುವ ಹಲ್ಲು, ಹಲ್ಲು ಕಿತ್ತ ಜಾಗ ಮಾಯದಿರುವುದು ಸಹ ಸೂಚನೆಗಳೇ. ಕೆಳದವಡೆಯ ನರಕ್ಕೆ ರೋಗ ತಗಲಿದರೆ ಕೆಳತುಟಿ, ಗಲ್ಲ ಜೋಮು ಹಿಡಿಯುತ್ತವೆ. ಈ ಜೋಮನ್ನು ಎಂದೂ ಕಡೆಗಣಿಸಬಾರದು.

ಪತ್ತೆ: ಎಕ್ಸ್-ರೇಯಲ್ಲಿ ನಿರುಪದ್ರವಿ ಸಿಸ್ಟ್‌ನ ಅಂಚು ನುಣುಪಾಗಿ, ಸ್ಪಷ್ಟವಾಗಿರುತ್ತದೆ, ಕ್ಯಾನ್ಸರಾದಾಗ ಅದು ಕೊರೆದಂತೆ ಅಂಕುಡೊಂಕಾಗಬಹುದು. ಆದರೆ ಆರಂಭದ ಹಂತದಲ್ಲಿ ಎರಡೂ ಒಂದೇ ಥರ ಕಾಣುವುದುಂಟು. ಆದ್ದರಿಂದ ಎಷ್ಟೋ ಸಲ ಮಾಮೂಲಿ ಸಿಸ್ಟ್ ಎಂದು ತೆಗೆದ ಮೇಲೆ ಬಯಾಪ್ಸಿ ವರದಿಯಲ್ಲೇ ರೋಗ ಬಯಲಾಗುತ್ತದೆ. ಸೂಕ್ಷ್ಮದರ್ಶಕದಡಿ ಪದರದ ಒಂದು ಭಾಗ ತೆಳುವಾಗಿ, ಸಹಜವಾಗಿರುತ್ತದೆ. ಪಕ್ಕದಲ್ಲೇ ಕೋಶಗಳು ಅಂಕೆಗೆಟ್ಟು ದಪ್ಪವಾಗಿ, ಮುಂದೆ ಗುಂಪುಗುಂಪಾಗಿ ಚೀಲದ ಗೋಡೆಯೊಳಕ್ಕೆ ನುಗ್ಗಿರುತ್ತವೆ. ಕ್ಯಾನ್ಸರ್ ಸಿಸ್ಟ್‌ನಿಂದಲೇ ಹುಟ್ಟಿತೆನ್ನಲು ಈ ಸ್ಥಿತ್ಯಂತರವೇ ಪ್ರಬಲ ಪುರಾವೆ. ಶ್ವಾಸಕೋಶ ಮುಂತಾದ ಬೇರೆ ಅಂಗದಿಂದ ಹರಡಿದ್ದಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು.

ಚಿಕಿತ್ಸೆ: ರೋಗ ತಗಲಿದ ಮೂಳೆಯನ್ನು ಸುತ್ತಲಿನ ಆರೋಗ್ಯವಂತ ಅಂಚಿನ ಸಮೇತ ಕತ್ತರಿಸಿ ತೆಗೆಯುವುದೇ ಪ್ರಧಾನ ಚಿಕಿತ್ಸೆ. ಅಗತ್ಯವಿದ್ದರೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆದು ವಿಕಿರಣ ಚಿಕಿತ್ಸೆ ಕೊಡುತ್ತಾರೆ. 2011ರಲ್ಲಿ ಪ್ರಕಟವಾದ 116 ಪ್ರಕರಣಗಳ ವಿಶ್ಲೇಷಣೆಯಲ್ಲಿ 5 ವರ್ಷ ಬದುಕುಳಿದವರ ಪ್ರಮಾಣ ಶೇ. 38ರಷ್ಟಿತ್ತು. ತಡವಾದ ಪತ್ತೆ ಈ ರೋಗದ ದೊಡ್ಡ ಅಪಾಯ. ದವಡೆಯಿಂದ ತೆಗೆದ ಸಿಸ್ಟ್ ಎಷ್ಟೇ ಸಾಮಾನ್ಯವಾಗಿ ಕಂಡರೂ ಅದರ ಪೂರ್ತಿ ಪದರವನ್ನು ಪ್ರಯೋಗಾಲಯಕ್ಕೆ ಕಳಿಸುವುದು ಅದಕ್ಕಾಗಿಯೇ ಕಡ್ಡಾಯವಾಗಬೇಕು.