ಮೇಲೇಳುವ ವಿದ್ಯೆ

ಥಾಯ್ಲೆಂಡ್ ಕೊಲ್ಲಿಯಲ್ಲಿ ಕೋ ತಾವ್ ಎಂಬ ಪುಟ್ಟ ದ್ವೀಪವಿದೆ. ಥಾಯ್ ಭಾಷೆಯಲ್ಲಿ ಕೋ ಅಂದರೆ ದ್ವೀಪ, ತಾವ್ ಅಂದರೆ ಆಮೆ. ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರ್, ಅಷ್ಟೇ. 1899ರಲ್ಲಿ ಸಯಾಮಿನ ದೊರೆ ಚುಲಾಲಾಂಗ್‌ಕೋರ್ನ್ ಇಲ್ಲಿಗೆ ಬಂದುಹೋದ ಗುರುತಿಗೆ ಬಂಡೆಯೊಂದರ ಮೇಲೆ ಅವನ ಹೆಸರಿನ ಅಕ್ಷರಗಳಿವೆ. 1940ರ ದಶಕದಲ್ಲಿ ಸರ್ಕಾರ ರಾಜಕೀಯ ಕೈದಿಗಳನ್ನು ತಂದಿಟ್ಟದ್ದೂ ಇಲ್ಲಿಯೇ. ಅವರು ಹೋದ ಮೇಲೆ ನೆರೆಯ ಕೋ ಫಂಗಾನ್ ದ್ವೀಪದಿಂದ ಬಂದ ಸಂಸಾರಗಳು ತೆಂಗು ಬೆಳೆದು, ಮೀನು ಹಿಡಿದು ಬದುಕಿದವು. 1980ರ ದಶಕದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ವಿದೇಶಿ ಅಲೆಮಾರಿಗಳು ಬಂದರು. ಅವರ ಬೆನ್ನಿಗೇ ಡೈವಿಂಗ್ ಶಾಲೆಗಳು ಬಂದವು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಜನ ಸ್ಕೂಬಾ ಕಲಿತು ಸರ್ಟಿಫಿಕೇಟ್ ಪಡೆಯುವ ಜಾಗಗಳಲ್ಲಿ ಇದೂ ಒಂದು. ತಪ್ಪಿಸಿಕೊಂಡು ಹೋಗದಿರಲಿ ಎಂದು ಒಂದು ಕಾಲಕ್ಕೆ ಜನರನ್ನು ತಂದಿಟ್ಟ ನೆಲಕ್ಕೆ, ಈಗ ತಮ್ಮೂರಿನ ದಿನಚರಿಯಿಂದ ತಪ್ಪಿಸಿಕೊಂಡವರು ದುಡ್ಡು ಕೊಟ್ಟು ಬರುತ್ತಾರೆ.

ಬಂದವರಲ್ಲಿ ಹೆಚ್ಚಿನವರು ನಾಲ್ಕಾರು ದಿನ ಕಲಿತು ಹೊರಡುತ್ತಾರೆ. ಕೆಲವರು ಇದನ್ನೇ ಕಸುಬು ಮಾಡಿಕೊಳ್ಳಲು ಉಳಿದುಬಿಡುತ್ತಾರೆ. ಆ ಕಸುಬಿನ ಮೊದಲ ಮೆಟ್ಟಿಲಿಗೆ ಡೈವ್‌ಮಾಸ್ಟರ್ ಎಂದು ಹೆಸರು. ದೊಡ್ಡ ತರಬೇತಿ ಸಂಸ್ಥೆಯಾದ ಪ್ಯಾಡಿಯ ನಿಯಮದಂತೆ ಅದಕ್ಕೆ 18 ವರ್ಷ ತುಂಬಿರಬೇಕು, ಸೇರುವ ಮೊದಲೇ 40 ಸಲ ಮುಳುಗಿರಬೇಕು, ಮುಗಿಸುವಷ್ಟರಲ್ಲಿ ಅದು 60 ಆಗಬೇಕು. 400 ಮೀಟರ್ ಈಜು, 15 ನಿಮಿಷ ನೀರಲ್ಲಿ ನಿಂತಲ್ಲೇ ತೇಲುವುದು, ದಣಿದವರೊಬ್ಬರನ್ನು 100 ಮೀಟರ್ ಎಳೆದು ತರುವುದು, ಇವೆಲ್ಲ ಪರೀಕ್ಷೆಗಳು. ಅದರಾಚೆ ಸಿಲಿಂಡರ್ ಎಣಿಸಬೇಕು, ದೋಣಿಯಲ್ಲಿ ತಲೆ ಎಣಿಸಬೇಕು, ಹೊಸಬರ ಮೇಲೆ ಕಣ್ಣಿಡಬೇಕು. ಇಷ್ಟರ ನಡುವೆ ಎರಡು ಮಾತುಗಳು ಕಿವಿಯಲ್ಲಿ ಸದಾ ಮೊಳಗುತ್ತಿರುತ್ತವೆ: ಉಸಿರು ಹಿಡಿಯಬೇಡ, ನಿಧಾನವಾಗಿ ಮೇಲೆ ಬಾ.

ಕೆಳಗಿಳಿಯಲು ಸೊಂಟಕ್ಕೆ ಸೀಸದ ಭಾರ ಸಾಕು. ಕಸುಬು ಇರುವುದು ಮೇಲೇಳುವುದರಲ್ಲಿ. ಆ ಎರಡು ಮಾತುಗಳ ಬೆಲೆ ತೆತ್ತವರ ಕಥೆ ಮಾತ್ರ ದ್ವೀಪದ ಜಾಹೀರಾತುಗಳಲ್ಲಿ ಇರುವುದಿಲ್ಲ.

10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎದೆ ತುಂಬ ಉಸಿರೆಳೆದು ಬಾಯಿ ಬಿಗಿದುಕೊಂಡು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ಮೊದಲ ಮಾತಿನ ಕಾರಣ ಇದು. ಎರಡನೆಯ ಮಾತಿಗೆ ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಒಳಗೆ ಬಿದ್ದೊಡನೆ ಗುಳ್ಳೆಗಳು ನುಗ್ಗಿ ಬರುತ್ತವೆ. ಆಳದಲ್ಲಿ ಉಸಿರಾಡಿದವರ ರಕ್ತ, ಮಾಂಸಗಳಲ್ಲಿ ಸಾರಜನಕ ಹಾಗೆಯೇ ಕರಗಿರುತ್ತದೆ. ಅವಸರದಲ್ಲಿ ಮೇಲೆ ಬಂದರೆ ಒತ್ತಡ ಇಳಿದು, ಅದು ಮೈಯೊಳಗೇ ಗುಳ್ಳೆಯಾಗುತ್ತದೆ. 1670ರಲ್ಲೇ ರಾಬರ್ಟ್ ಬಾಯ್ಲ್ ನಿರ್ವಾತದ ಪಾತ್ರೆಯಲ್ಲಿಟ್ಟ ಹಾವಿನ ಕಣ್ಣಲ್ಲಿ ಗುಳ್ಳೆಯೊಂದು ಅತ್ತಿತ್ತ ಓಡಾಡುವುದನ್ನು ಕಂಡು ಬರೆದಿಟ್ಟಿದ್ದ. ಅದು ಮನುಷ್ಯರ ಮೈಯಲ್ಲೂ ಆದೀತೆಂದು ಲೋಕಕ್ಕೆ ಮನದಟ್ಟಾಗಲು ಇನ್ನೂ ಇನ್ನೂರು ವರ್ಷ ಬೇಕಾದವು.

ಅದನ್ನು ಕಲಿಸಿದವರು ಈಜುಗಾರರಲ್ಲ, ಮಣ್ಣು ಅಗೆಯುವ ಕೂಲಿಗಳು. 1870ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ಭಾರೀ ಮರದ ಪೆಟ್ಟಿಗೆಗಳನ್ನು ಬೋರಲು ಮಾಡಿ ನದಿಯ ತಳಕ್ಕೆ ಇಳಿಸಿದರು. ನೀರು ನುಗ್ಗದಂತೆ ಅದರೊಳಗೆ ಗಾಳಿಯನ್ನು ಒತ್ತಿ ತುಂಬಿದರು. ವಲಸೆ ಬಂದ ಕೂಲಿಗಳು ಅಲ್ಲಿ ಅಗೆದು, ಮೇಲೆ ಬಂದೊಡನೆ ಕೀಲುಗಳು ಹಿಡಿದು ಒದ್ದಾಡಿದರು. ಅವರು ಬಾಗಿ ನಡೆಯುವುದನ್ನು ಕಂಡು ಅಂದಿನ ಹೆಂಗಸರ ಫ್ಯಾಷನ್ ನಡಿಗೆಗೆ ಹೋಲಿಸಿ ತಮಾಷೆ ಮಾಡಿದರು. ಬೆಂಡ್ಸ್ ಎಂಬ ಕಾಯಿಲೆಯ ಹೆಸರು ಹುಟ್ಟಿದ್ದು ಅಂಥ ನಗೆಯಿಂದ. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ತಾನೂ 1872ರಲ್ಲಿ ಹಾಸಿಗೆ ಹಿಡಿದ. ಹೆಂಡತಿ ಎಮಿಲಿ ಅವನಿಗೂ ಕೆಲಸದ ಜಾಗಕ್ಕೂ ನಡುವೆ ಓಡಾಡಿ 1883ಕ್ಕೆ ಸೇತುವೆ ಮುಗಿಯುವಂತೆ ನೋಡಿಕೊಂಡಳು. ಈ ದಂಪತಿಯ ಹೆಸರು ಉಳಿದಿದೆ, ಕೂಲಿಗಳದ್ದು ಉಳಿದಿಲ್ಲ.

ಸಮುದ್ರದಲ್ಲೂ ಇದೇ ಕಥೆ. ಗ್ರೀಸ್ ಕಡೆಯ ದ್ವೀಪಗಳಲ್ಲಿ ಸ್ಪಂಜು ತೆಗೆಯುವವರು ತಲೆತಲಾಂತರದಿಂದ ಬರಿಮೈಯಲ್ಲಿ ಮುಳುಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲೋಹದ ಟೊಪ್ಪಿಗೆಯ ಉಡುಪು ಬಂತು. ಮೇಲಿಂದ ಪಂಪಿನ ಗಾಳಿ, ಹಾಗಾಗಿ ಎಷ್ಟು ಹೊತ್ತಾದರೂ ಕೆಳಗಿರಬಹುದು. ಸಂಪಾದನೆ ಹೆಚ್ಚಿತು, ಕಾಲು ಬಿದ್ದುಹೋದ ಗಂಡಸರೂ ಹೆಚ್ಚಿದರು. 1900ರಲ್ಲಿ ಸಿಮಿ ದ್ವೀಪದ ಸ್ಪಂಜುಗಾರರು ಆಂಟಿಕಿಥೆರಾ ಬಳಿ ಪ್ರಾಚೀನ ಹಡಗೊಂದನ್ನು ಕಂಡರು. ಅವರು ಎತ್ತಿಕೊಟ್ಟ ಕಂಚಿನ ವಿಗ್ರಹ, ಹಲ್ಲುಚಕ್ರಗಳ ಖಗೋಳ ಯಂತ್ರ ಇಂದಿಗೂ ಅಥೆನ್ಸಿನ ಮ್ಯೂಸಿಯಮ್ಮಿನಲ್ಲಿವೆ. ಆ ಕೆಲಸದಲ್ಲಿ ಒಬ್ಬ ಸತ್ತ, ಇಬ್ಬರಿಗೆ ಲಕ್ವ ಹೊಡೆಯಿತು.

ತಪ್ಪು ಎಲ್ಲಿದೆ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ಸಾರಜನಕದ ಗುಳ್ಳೆಯತ್ತ ಬೆರಳು ತೋರಿಸಿದ್ದ. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ನಿಧಾನ ಎಂಬ ಲೆಕ್ಕ ಕೊಟ್ಟವನು ಜಾನ್ ಸ್ಕಾಟ್ ಹಾಲ್ಡೇನ್. ಬ್ರಿಟಿಷ್ ನೌಕಾಪಡೆಗಾಗಿ ಅವನು ಹತ್ತಾರು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದ. ನೋವಾದ ಆಡು ಮುಂಗಾಲನ್ನು ಎತ್ತಿ ಹಿಡಿಯುತ್ತದೆ, ಅದನ್ನು ನೋಡಿ ಬರೆದುಕೊಳ್ಳಬಹುದಿತ್ತು. 1908ರಲ್ಲಿ ಸಂಗಡಿಗರೊಂದಿಗೆ ಅವನು ಪ್ರಕಟಿಸಿದ ಕೋಷ್ಟಕಗಳೇ ಹಂತಹಂತವಾಗಿ ನಿಂತು ಮೇಲೇಳುವ ಪದ್ಧತಿಗೆ ಬುನಾದಿ.

1943ರಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ ಬೆನ್ನಿಗೆ ಕಟ್ಟಿಕೊಳ್ಳುವ, ಉಸಿರೆಳೆದಾಗ ಮಾತ್ರ ಗಾಳಿ ಕೊಡುವ ಉಪಕರಣ ಮಾಡಿದರು. ಕೊಳವೆಯ ಹಂಗು ತಪ್ಪಿತು. ಹಾಗೆಯೇ ಮೇಲಿನ ದೋಣಿಯಲ್ಲಿ ಗಡಿಯಾರ ನೋಡುತ್ತ ಪಂಪು ತಿರುಗಿಸುತ್ತಿದ್ದವರ ಕಾವಲೂ ತಪ್ಪಿತು. ಕುಸ್ತೊ ತಂಡದಲ್ಲೇ ನುರಿತವನಾಗಿದ್ದ ಮೋರಿಸ್ ಫಾರ್ಗ್ 1947ರಲ್ಲಿ 120 ಮೀಟರ್ ಆಳಕ್ಕಿಳಿದು ಪ್ರಾಣ ಬಿಟ್ಟ. ಕಾವಲು ಇನ್ನು ಮುಳುಗುವವರ ತಲೆಯೊಳಗೇ ಇರಬೇಕಾಯಿತು. ತರಬೇತಿ ಸಂಸ್ಥೆಗಳು ಹುಟ್ಟಿದ್ದು ಈ ಅಗತ್ಯದಿಂದ: 1953ರಲ್ಲಿ ಬ್ರಿಟನ್ನಿನ ಸಬ್ ಆಕ್ವಾ ಕ್ಲಬ್, 1960ರಲ್ಲಿ ಅಮೆರಿಕದ ನಾವೀ, 1966ರಲ್ಲಿ ಪ್ಯಾಡಿ.

ಹಾಗೆಂದು ನಿಯಮಗಳು ಶಿಲಾಶಾಸನಗಳೇನಲ್ಲ. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆ ಮೇಲೇಳುವ ವೇಗ ಗೊತ್ತುಮಾಡಲು ಕೂತಾಗ, ಹಗುರ ಉಡುಪಿನ ಕಪ್ಪೆಮನುಷ್ಯರು ನಿಮಿಷಕ್ಕೆ 100 ಅಡಿಯಾದರೂ ಬೇಕೆಂದರು. ಹಗ್ಗದಲ್ಲಿ ಎಳೆಸಿಕೊಳ್ಳುತ್ತಿದ್ದ ಭಾರದ ಉಡುಪಿನವರು ಅಷ್ಟು ವೇಗ ತಮ್ಮಿಂದಾಗದು ಎಂದರು. ಚೌಕಾಶಿಯಾಗಿ 60ಕ್ಕೆ ಒಪ್ಪಿದರು. ಸೆಕೆಂಡಿಗೆ ಒಂದಡಿ, ಲೆಕ್ಕಕ್ಕೂ ಸಲೀಸು. ಲೋಕವೆಲ್ಲ ಹಲವು ದಶಕ ಆ ರಾಜಿಯನ್ನೇ ವಿಜ್ಞಾನವೆಂದು ನಂಬಿ ನಡೆಯಿತು. 1993ರಲ್ಲಿ ನೌಕಾಪಡೆಯೇ ಅದನ್ನು 30ಕ್ಕೆ ಇಳಿಸಿತು. ಈ ನಡುವೆ, 1970ರ ದಶಕದಲ್ಲಿ, ಕ್ಯಾಲಿಫೋರ್ನಿಯದ ಕ್ಯಾಟಲೀನಾ ದ್ವೀಪದಲ್ಲಿ ಆಂಡ್ರ್ಯೂ ಪಿಲ್ಮನಿಸ್ ಮುಳುಗುಗಾರರ ರಕ್ತದಲ್ಲಿನ ಗುಳ್ಳೆಗಳ ಸದ್ದನ್ನು ಯಂತ್ರದಿಂದ ಆಲಿಸಿ, ಮೇಲೆ ಬರುವ ಮುನ್ನ ತುಸು ಹೊತ್ತು ನಿಂತರೂ ಅವು ಬಹಳ ಕಡಿಮೆಯಾಗುತ್ತವೆಂದು ಕಂಡುಕೊಂಡಿದ್ದ. ಇಂದು ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಮುಳುಗುವ ಡೈವರುಗಳೂ 5 ಮೀಟರಿನಲ್ಲಿ 3 ನಿಮಿಷ ನಿಲ್ಲುವ ಪಾಠ ಕಲಿತಿರುತ್ತಾರೆ.

ಕೋ ತಾವ್‌ನಲ್ಲಿ ಈಗ ದೋಣಿಗಳಿಗೆ ಬಿಡುವಿಲ್ಲ. ಒಂದು ಗುಂಪು ಮೇಲೆ ಬಂದರೆ ಇನ್ನೊಂದು ಗುಂಪು ಕಾದಿರುತ್ತದೆ. ದುಡ್ಡು ಕೊಟ್ಟವರಿಗೆ ಇನ್ನಷ್ಟು ಆಳ ಬೇಕು, ಇನ್ನೊಂದು ಫೋಟೋ ಬೇಕು. ಅವರ ನಡುವೆ ನಿಂತು ಸಾಕು ಎನ್ನಬೇಕಾದವರು, ಕೆಲವು ತಿಂಗಳ ಹಿಂದೆ ತಾವೇ ಶುಲ್ಕ ಕಟ್ಟಿ ಕಲಿತ ಹುಡುಗ ಹುಡುಗಿಯರು. ಶಾಲೆಯ ಆದಾಯ, ಗಿರಾಕಿಯ ಮುನಿಸು ಎರಡೂ ಅವರ ಹೆಗಲ ಮೇಲಿರುತ್ತವೆ. ಆಗ ಅವರಿಗೆ ನೆರವಾಗುವುದು 400 ಮೀಟರ್ ಈಜಿದ ತೋಳಲ್ಲ, ನಿಯಮದ ಹಿಂದಿನ ಕಾರಣ ಗೊತ್ತಿರುವ ಮನಸ್ಸು. ಬಾಯಿಪಾಠ ಮಾಡಿದ ನಿಯಮವನ್ನು ಒತ್ತಾಯ ಬಂದಾಗ ಸಡಿಲಿಸಬಹುದು ಎನ್ನಿಸುತ್ತದೆ. ಕೂಲಿಗಳ ಕೀಲು, ಸ್ಪಂಜುಗಾರರ ಕಾಲು ನೆನಪಿದ್ದವರಿಗೆ ಅಷ್ಟು ಸುಲಭಕ್ಕೆ ಹಾಗನ್ನಿಸದು.

2011ರಲ್ಲಿ ಈ ದ್ವೀಪದ ಬಳಿ ಥಾಯ್ ನೌಕಾಪಡೆಯ ಸತ್ತಕುತ್ ಎಂಬ ಹಳೆಯ ಹಡಗನ್ನು ಬೇಕೆಂದೇ ಮುಳುಗಿಸಿದರು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಕಟ್ಟಿದ್ದ ಹಡಗು ಅದು. ಈಗ ಕಲಿಯುವವರು ಅದರ ಸುತ್ತ ಮುಳುಗಿ, ಹಿಂತಿರುಗುವಾಗ ಹಗ್ಗ ಹಿಡಿದು 5 ಮೀಟರಿನಲ್ಲಿ ಸುಮ್ಮನೆ ನಿಲ್ಲುತ್ತಾರೆ. ಆ ಮೂರು ನಿಮಿಷದಲ್ಲಿ ಏನೂ ಆಗುವುದಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದೇ ಅವರು ಕಲಿಯಲು ಬಂದ ಕೆಲಸ.