‘ದಾಯಾದಿ’ ಶಬ್ದದ ಅರ್ಥಪರಿಣಾಮ

ಗದಗ ಪರಿಸರದ ಬಿಂಕದಕಟ್ಟಿಯೇ ಮೊದಲಾದ ಗ್ರಾಮಗಳಲ್ಲಾಗಲಿ, ಕನ್ನಡನಾಡಿನ ಇತರ ಭಾಗಗಳಲ್ಲಾಗಲಿ, ‘ದಾಯಾದಿ’ ಎಂದೊಡನೆ ಕೇಳುವವರ ಮನಸ್ಸಿಗೆ ಹೊಳೆಯುವುದು ಬಾಂಧವ್ಯಕ್ಕಿಂತ ಹೆಚ್ಚಾಗಿ ಹಗೆತನ. ‘ದಾಯಾದಿ ಮತ್ಸರ’ವೆಂಬ ನುಡಿಗಟ್ಟು ಸರ್ವಪರಿಚಿತವಾದುದು. ರಕ್ತಸಂಬಂಧವಾಚಕವಾದ ಶಬ್ದವು ವೈರವಾಚಕವಾದುದು ಹೇಗೆಂಬುದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಶಬ್ದದ ಮೂಲ ಸಂಸ್ಕೃತದ ‘ದಾಯಾದ’. ‘ದಾಯ’ವೆಂದರೆ ಕುಲಕ್ರಮದಿಂದ ಬರುವ ಸ್ವತ್ತು, ಅದರಲ್ಲಿ ಪಾಲು ಪಡೆಯುವವನು ದಾಯಾದ. ಪಾಣಿನಿಯ ಒಂದು ಸೂತ್ರದಲ್ಲಿ ಈ ಶಬ್ದವು ಸ್ವಾಮಿ, ಅಧಿಪತಿ, ಸಾಕ್ಷಿ ಮೊದಲಾದ ವ್ಯವಹಾರಪದಗಳ ಸಾಲಿನಲ್ಲಿದೆ. ಅಮರಕೋಶವು ಮಗ, ಬಂಧು ಎಂಬ ಎರಡೇ ಅರ್ಥಗಳನ್ನು ಹೇಳುತ್ತದೆ. ಎರಡೆಡೆಯಲ್ಲಿಯೂ ವೈರದ ಸೋಂಕಿಲ್ಲ. ಆದರೆ ತೆಲುಗಿನ ‘ದಾಯ’ ಶಬ್ದಕ್ಕೆ ಜ್ಞಾತಿ ಎಂಬುದರೊಡನೆ ಶತ್ರುವೆಂಬ ಅರ್ಥವೂ ಉಂಟು. ವೈದಿಕ ಸಾಹಿತ್ಯದ ‘ಭ್ರಾತೃವ್ಯ’ ಶಬ್ದವೂ ಸೋದರಸಂಬಂಧಿ, ವೈರಿ ಎಂಬ ಎರಡರ್ಥಗಳನ್ನು ಹೊತ್ತಿದೆ. ಆದುದರಿಂದ ಈ ಪರಿಣಾಮವು ಕನ್ನಡಕ್ಕಷ್ಟೇ ಸೀಮಿತವಾದುದಲ್ಲ.

ಇದರ ಕಾರಣವನ್ನು ಸ್ವತ್ತಿನ ವ್ಯವಸ್ಥೆಯಲ್ಲಿ ಅರಸಬೇಕು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ದ ಪ್ರಕಾರ ಮಗನಿಗೆ ಪಿತ್ರಾರ್ಜಿತ ಸ್ವತ್ತಿನಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ಬಂಗಾಳದಲ್ಲಿ ಮಾನ್ಯವಾದ ಜೀಮೂತವಾಹನನ ‘ದಾಯಭಾಗ’ದಂತೆ ತಂದೆಯ ಮರಣಾನಂತರವೇ ಹಕ್ಕು. ಹುಟ್ಟುವ ಪ್ರತಿಯೊಂದು ಗಂಡುಮಗುವಿನಿಂದ ಉಳಿದವರ ಪಾಲು ಕಿರಿದಾಗುವ ವ್ಯವಸ್ಥೆಯಲ್ಲಿ ಪಾಲುಗಾರನು ಪ್ರತಿಸ್ಪರ್ಧಿಯೂ ಆಗುವುದು ಸಹಜ. ಭೂಮಿಯ ಪರಭಾರೆಗೆ ಗ್ರಾಮದವರು, ಜ್ಞಾತಿಗಳು, ನೆರೆಯವರು, ದಾಯಾದರು ಇವರ ಸಮ್ಮತಿ ಬೇಕೆಂಬ ಸ್ಮೃತಿವಚನವನ್ನು ವಿಜ್ಞಾನೇಶ್ವರನು ಚರ್ಚಿಸಿದ್ದಾನೆ. ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯವು ಮುಂದೆ ತಲೆದೋರದಿರಲೆಂದೇ ದಾಯಾದರ ಸಮ್ಮತಿ ಎಂದು ಅವನ ಅಭಿಪ್ರಾಯ. ಪಾಲಾದ ಮೇಲೆಯೂ ತಕರಾರು ಉಳಿಯುತ್ತಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಭಾರತಕಥೆಯು ಈ ಅರ್ಥವನ್ನು ಜನಮನದಲ್ಲಿ ಬೇರೂರಿಸಿರಬೇಕು. ರನ್ನನ ‘ಗದಾಯುದ್ಧ’ದ ಹಾಗೂ ಗದುಗಿನ ವೀರನಾರಾಯಣನ ಭಕ್ತನಾದ ಕುಮಾರವ್ಯಾಸನ ‘ಭಾರತ’ದ ವಸ್ತುವು ಪಾಲಿಗಾಗಿ ನಡೆದ ದಾಯಾದಿ ಕಲಹವೇ ಆಗಿದೆ.

1994ರ ಕರ್ನಾಟಕದ ತಿದ್ದುಪಡಿ ಹಾಗೂ 2005ರ ಕೇಂದ್ರ ತಿದ್ದುಪಡಿಗಳಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದ ಪಾಲುಗಾರರಾದರು. ಶಬ್ದದ ಮೂಲಾರ್ಥದಲ್ಲಿ ಅಕ್ಕತಂಗಿಯರೂ ಈಗ ದಾಯಾದರೇ. ಆದರೆ ಪಾಲು ಕೇಳಿದ ಸೋದರಿಯನ್ನು ಆ ಮೂಲಾರ್ಥದಲ್ಲಿ ಕಾಣಬೇಕೇ ಹೊರತು ರೂಢಾರ್ಥದಲ್ಲಿ ಅಲ್ಲ. ಹಳೆಯ ದಾನಪತ್ರ, ಕ್ರಯಪತ್ರಗಳನ್ನು ಓದುವ ವಿದ್ಯಾರ್ಥಿಗಳಿಗೂ ಈ ವಿವೇಕ ಅವಶ್ಯಕ. ಅಲ್ಲಿಯ ‘ದಾಯಾದ’ನು ಹಕ್ಕುದಾರನು, ಅವನಲ್ಲಿ ವೈರವನ್ನು ಆರೋಪಿಸಬೇಕಾದರೆ ಬೇರೆಯೇ ಪ್ರಮಾಣ ಬೇಕು.